ವ್ಯಾನಿನೊಳಗಿನ ಎರಡನೇ ದನಿ

ತುಂಗಭದ್ರೆಯ ದಂಡೆಯಲ್ಲಿ ಒಂದು ಸಣ್ಣ ಆಶ್ರಮ. ಅಲ್ಲಿ ಪರ್ವತಯ್ಯ ಅಜ್ಜಾರು ಎಂಬ ಗುರುಗಳಿದ್ದರು.

ಆಶ್ರಮಕ್ಕೆ ಒಂದು ಹಳೆಯ ವ್ಯಾನಿತ್ತು. ದಿಕ್ಕಿಲ್ಲದೆ ಸತ್ತವರನ್ನು ಅದರಲ್ಲಿ ತಂದು, ಹೊಳೆಯ ಪಕ್ಕದ ಮಸಣದಲ್ಲಿ ಮಣ್ಣು ಮಾಡುವುದು ಅಜ್ಜಾರ ನೇಮ. ಆಸ್ಪತ್ರೆಯಿಂದ, ಬಸ್ ನಿಲ್ದಾಣದಿಂದ, ರೈಲು ಹಳಿಯ ಬದಿಯಿಂದ ಕರೆ ಬರುತ್ತಿತ್ತು. ಬಂದಾಗೆಲ್ಲ ಅಜ್ಜಾರು ಹೊರಡುತ್ತಿದ್ದರು.

ದಾರಿಯುದ್ದಕ್ಕೂ ವ್ಯಾನಿನಲ್ಲಿ 'ಓಂ ನಮಃ ಶಿವಾಯ' ನಡೆಯಬೇಕು. ಹಾಡಿದವರು ಅಜ್ಜಾರೇ, ತಮ್ಮ ಹರೆಯದಲ್ಲಿ. ಯಾರೋ ಭಕ್ತರು ಅದನ್ನು ಧ್ವನಿಮುದ್ರಿಸಿ, ವ್ಯಾನಿಗೆ ಒಳ್ಳೆಯ ಸ್ಪೀಕರುಗಳನ್ನು ಕೂಡಿಸಿಕೊಟ್ಟಿದ್ದರು. ಬಾಗಿಲುಗಳ ಕೆಳಗೆ ಎರಡು ದೊಡ್ಡವು, ಮೇಲೆ ಕಿವಿಯ ಮಟ್ಟಕ್ಕೆ ಎರಡು ಸಣ್ಣವು.

ಅಜ್ಜಾರ ಕಣ್ಣಿಗೆ ಪೊರೆ ಬಂದಮೇಲೆ ವ್ಯಾನು ನಡೆಸುವ ಕೆಲಸ ಶಿಷ್ಯ ಮಾಲತೇಶನ ಪಾಲಿಗೆ ಬಂತು.

ಮಾಲತೇಶ ಮೊದಲು ದಾವಣಗೆರೆಯಲ್ಲಿ ಕಾರುಗಳಿಗೆ ಸ್ಪೀಕರ್ ಹಾಕುವ ಅಂಗಡಿಯಲ್ಲಿದ್ದವನು. ನಡುವಯಸ್ಸು. ಬೆಳಗಿನಿಂದ ಸಂಜೆಯವರೆಗೆ ಎದೆ ಅದುರುವ ಸಪ್ಪಳದಲ್ಲಿ ಬದುಕಿ ಬದುಕಿ ಒಂದು ದಿನ ಅಂಗಡಿ ಬಿಟ್ಟು ಆಶ್ರಮಕ್ಕೆ ಬಂದ.

"ಏನು ಬೇಕಾಗಿತ್ತು?" ಎಂದು ಅಜ್ಜಾರು ಕೇಳಿದ್ದರು.

"ಶಾಂತಿ ಬೇಕ್ರಿ. ಅಲ್ಲಿ ಗದ್ದಲ ಭಾಳ."

ಅಜ್ಜಾರು ಅವನ ಕೈಗೆ ವ್ಯಾನಿನ ಕೀಲಿ ಕೊಟ್ಟರು.

ಒಂದು ಬೇಸಿಗೆಯಲ್ಲಿ ವ್ಯಾನಿನ ದನಿ ಕೆಟ್ಟಿತು.

ದೊಡ್ಡ ಸ್ಪೀಕರುಗಳಲ್ಲಿ ಮಂತ್ರ ಬಾಯಿಗೆ ಬಟ್ಟೆ ತುರುಕಿದಂತೆ ಬರುತ್ತಿತ್ತು. ಸಣ್ಣವು ಚಟಪಟ ಎನ್ನುತ್ತಿದ್ದವು. 'ಶಿವಾಯ' ಎಂಬಲ್ಲಿ 'ಶಿ' ಕೇಳಿಸುತ್ತಿರಲಿಲ್ಲ. 'ಇವಾಯ, ಇವಾಯ' ಎಂದು ನಡೆಯುತ್ತಿತ್ತು.

ಮಾಲತೇಶ ಅದನ್ನು ಸಹಿಸಿಕೊಂಡ. ಸಹಿಸಲಾಗದ್ದು ಬೇರೆಯಿತ್ತು.

ರೈಲು ಹಳಿಯ ಬದಿಯಿಂದ ಒಬ್ಬ ಮುದುಕನನ್ನು ತರುತ್ತಿದ್ದಾಗ, ನೆತ್ತಿ ಸುಡುವ ಬಿಸಿಲಿನಲ್ಲಿ, ಮಂತ್ರದ ಅಡಿಯಲ್ಲಿ ಇನ್ನೊಂದು ದನಿ ಕೇಳಿತು. ಮಂತ್ರ ಉಸಿರು ತೆಗೆದುಕೊಳ್ಳಲು ನಿಂತಾಗಲೂ ಅದು ನಿಲ್ಲಲಿಲ್ಲ. ಗೋಡೆಯಾಚೆ ಯಾರೋ ಮಾತಾಡಿದಂತೆ ಸ್ವಲ್ಪ ಹೊತ್ತು ಮುಂದುವರಿದು ಅಡಗಿತು.

ಮುಂದಿನ ಸಲ ಅವನು ಬಲಗಡೆಯ ಸ್ಪೀಕರುಗಳನ್ನು ಬಂದ್ ಮಾಡಿ ನೋಡಿದ. ದನಿ ಇತ್ತು. ಎಡಗಡೆಯವನ್ನು ಬಂದ್ ಮಾಡಿ ಬಲಗಡೆಯವನ್ನು ಹಚ್ಚಿದ. ಆಗಲೂ ಇತ್ತು. ಎರಡೂ ಸಲ ಅದು ಬಂದದ್ದು ಒಂದೇ ಜಾಗದಿಂದ, ಅವನ ಕುತ್ತಿಗೆಯ ಹಿಂದಿನಿಂದ.

ಅವನು ಅಜ್ಜಾರ ಹತ್ತಿರ ಹೋದ.

"ಅಜ್ಜಾರ, ವ್ಯಾನಿನ್ಯಾಗ ಇನ್ನೊಂದು ದನಿ ಐತ್ರಿ."

"ಏನಂತೈತಿ?"

"ತಿಳಿಯಂಗಿಲ್ರಿ. ಗುರುಗುರು ಅಂತೈತಿ. ಹಿಂದ ಹೆಣ ಇದ್ದಾಗಷ್ಟ ಬರ್ತೈತಿ. ಬರೇ ವ್ಯಾನಿನ್ಯಾಗ ಇಲ್ಲ."

"ಹೆಣ ಅನಬ್ಯಾಡ."

"ಮತ್ತೇನನ್ನಲ್ರಿ?"

"ಬಂದವರು ಅನ್ನು."

ಮಾಲತೇಶ ತಲೆ ತಗ್ಗಿಸಿದ. ಆಮೇಲೆ ಕೇಳಿದ.

"ನೀವೂ ನನ್ನ ಬಾಜೂಕ ಕುಂತಿರ್ತೀರಿ. ನಿಮಗ ಕೇಳಸಂಗಿಲ್ಲೇನ್ರಿ?"

"ನನ್ನ ಕಿವಿ ಸುದ್ದಿ ಬಿಡು. ನಿನಗ ಸ್ಪಷ್ಟ ಕೇಳಸವಲ್ದು. ಅದರ ರಿಪೇರಿ ಏನು?"

"ಕ್ರಾಸ್‌ಓವರ್ ಕೆಟ್ಟಾವ್ರಿ, ಸ್ಪೀಕರಿನ ಪೆಟ್ಟಿಗಿ. ಹೊಸಾವು ಹಾಕಿದ್ರ ಆ ದನಿ ಹೋಗ್ತೈತಿ."

"ಹೋಗ್ತೈತೋ ಬರ್ತೈತೋ, ಹಾಕು."

ಮಾಲತೇಶ ದಾವಣಗೆರೆಗೆ ಹೋಗಿ, ಹಳೆಯ ಅಂಗಡಿಯಿಂದ ಎರಡು ಹೊಸ ಕ್ರಾಸ್‌ಓವರ್ ತಂದ. ಅಂಗೈಯಗಲದ ಕಪ್ಪು ಪೆಟ್ಟಿಗೆಗಳು.

ಬೇವಿನ ನೆರಳಿನಲ್ಲಿ ವ್ಯಾನು ನಿಲ್ಲಿಸಿ, ನೆಲದ ರಬ್ಬರು ಎತ್ತಿದ. ಕೆಳಗೆ ತೇವ. ಬೇಸಿಗೆಯಲ್ಲಿ ಬಂದವರ ಸುತ್ತ ಇಡುತ್ತಿದ್ದ ಮಂಜುಗಡ್ಡೆ ಕರಗಿ, ಆ ನೀರು ಮುಂದಕ್ಕೆ ಹರಿದು, ಕ್ರಾಸ್‌ಓವರಿನ ಪೆಟ್ಟಿಗೆಗಳನ್ನು ಸೇರಿತ್ತು.

ಅವನು ಪೆಟ್ಟಿಗೆ ಬಿಚ್ಚಿದ. ಒಳಗಿನ ಕೆಪ್ಯಾಸಿಟರುಗಳು ನೆನೆಸಿದ ಕಡಲೆಯಂತೆ ಉಬ್ಬಿ, ಕಂದು ರಸ ಸೋರಿದ್ದವು. ತಾಮ್ರದ ಸುರುಳಿಗೆ ಹಸಿರು ಕಿಲುಬು. ವಾಸನೆ ಮೂಗಿಗೆ ಬಡಿದಾಗ ಮಾಲತೇಶ ಮುಖ ತಿರುಗಿಸಿದ.

ಅಜ್ಜಾರು ಕಟ್ಟೆಯ ಮೇಲೆ ಕೂತು ಕೈಚಾಚಿದರು. ಅವನು ಹಳೆಯದನ್ನು ಅವರ ಅಂಗೈಯಲ್ಲಿಟ್ಟ. ಅವರು ಬೆರಳಾಡಿಸಿ ನೋಡಿದರು.

"ಇದರ ಕೆಲಸ ಏನು?"

"ದನಿ ಹಂಚೂದ್ರಿ. ದಪ್ಪ ದನಿ ದೊಡ್ಡ ಸ್ಪೀಕರಿಗೆ, ಸಣ್ಣ ದನಿ ಸಣ್ಣದಕ್ಕ."

"ಇದಕ್ಕ ಕರೆಂಟು?"

"ಬ್ಯಾರೆ ಬೇಕಾಗಂಗಿಲ್ರಿ. ತನ್ನದು ಏನೂ ಕೂಡಸಂಗಿಲ್ಲ. ಬಂದದ್ದನ್ನ ದಾಟಸ್ತೈತಿ, ಅಷ್ಟ."

"ಕೆಟ್ಟರ?"

"ಎಲ್ಲಾ ಕಲಸ್ತೈತ್ರಿ. ಯಾವುದು ಯಾರ ದನಿ ಅಂತ ತಿಳಿಯಂಗಿಲ್ಲ."

ಅಜ್ಜಾರು ಅದನ್ನು ಹಿಂದಕ್ಕೆ ಕೊಟ್ಟು ಕೈ ತೊಳೆದುಕೊಂಡರು.

ಮಾಲತೇಶ ತಂತಿಗಳಿಗೆ ಗುರುತು ಹಾಕಿದ. ಸಣ್ಣ ಸ್ಪೀಕರಿನ ತಂತಿ ತಿರುವುಮುರುವಾದರೆ ದನಿಯ ನಡುವೆ ಟೊಳ್ಳು ಬೀಳುತ್ತದೆ, ಆ ಟೊಳ್ಳಿನಲ್ಲಿ ಇಲ್ಲದ್ದೆಲ್ಲ ಕೇಳಿಸುತ್ತದೆ ಎಂದು ಅಂಗಡಿಯಲ್ಲಿ ಕಲಿತಿದ್ದ. ಹಾಗಾಗಿ ಒಂದೊಂದನ್ನೂ ಮತ್ತೆ ಮತ್ತೆ ನೋಡಿ ಬೆಸುಗೆ ಹಾಕಿದ. ಹೊಸ ಪೆಟ್ಟಿಗೆಗಳನ್ನು ನೀರು ತಾಗದಂತೆ ಮೇಲಕ್ಕೆ ಕೂಡಿಸಿದ. ಹಳೆಯವನ್ನು ಬಟ್ಟೆಯಲ್ಲಿ ಸುತ್ತಿ ಸೀಟಿನ ಕೆಳಗೆ ತಳ್ಳಿದ.

ಹಚ್ಚಿದಾಗ 'ಶಿವಾಯ' ಇಡಿಯಾಗಿ ಬಂತು. ಅಜ್ಜಾರ ಹರೆಯದ ದನಿ, ನಡುವೆ ಅವರು ಉಗುಳು ನುಂಗಿದ್ದು ಸಹ ಕೇಳಿಸಿತು.

"ಈಗ ಸರಿ ಆತು ನೋಡ್ರಿ," ಎಂದ ಮಾಲತೇಶ.

ಅಜ್ಜಾರು ಕೋಲು ಹುಡುಕಿಕೊಂಡು ಕಟ್ಟೆಯಿಂದ ಇಳಿದರು.

ಮರುವಾರ ಆಸ್ಪತ್ರೆಯಿಂದ ಕರೆ ಬಂತು. ಅಜ್ಜಾರಿಗೆ ಜ್ವರ. ಮಾಲತೇಶ ಒಬ್ಬನೇ ಹೋದ.

ಶವಾಗಾರದ ದ್ಯಾಮಪ್ಪ ಒಬ್ಬ ಮುದುಕಿಯನ್ನು ಸ್ಟ್ರೆಚರಿನ ಮೇಲೆ ತಂದು ಮಲಗಿಸಿದ.

"ಹೆಸರು?" ಮಾಲತೇಶ ಕೇಳಿದ.

"ಗೊತ್ತಿಲ್ಲ. ಬಸ್ ಸ್ಟ್ಯಾಂಡಿನ್ಯಾಗ ಇದ್ಲಂತ. ಕೊನಿ ದಿನ ಮಾತು ನಿಂತಿತ್ತು. ಬಾಗಲದ ಕಡೆ ನೋಡ್ಕೋತ ಇದ್ಲು."

"ಯಾರೂ ಬರಲಿಲ್ಲ?"

"ನೀ ಬಂದಿಯಲ್ಲ," ಎಂದು ದ್ಯಾಮಪ್ಪ ಬಾಗಿಲು ಹಾಕಿದ.

ಊರು ದಾಟಿತು. ರೈಲ್ವೆ ಗೇಟು ದಾಟಿತು. ಮಂತ್ರ ನೀರಿನಷ್ಟು ತಿಳಿಯಾಗಿ ನಡೆದಿತ್ತು. ಅಡಿಯಲ್ಲಿ ಏನೂ ಇರಲಿಲ್ಲ. ಮಾಲತೇಶ ಸ್ಟಿಯರಿಂಗಿನ ಮೇಲಿನ ಕೈ ಸಡಿಲಿಸಿದ. ತಂತಿಯದೇ ದೋಷ, ನೀರಿನದೇ ದೋಷ ಎಂದುಕೊಂಡ. ಅವನಿಗೆ ನಗು ಬಂತು.

ಎರಡೂ ಬದಿಗೆ ಮೆಕ್ಕೆಜೋಳದ ಹೊಲ. ರಸ್ತೆಯಲ್ಲಿ ಒಂದು ನರಪಿಳ್ಳೆಯೂ ಇಲ್ಲ. ಎರಡು 'ಶಿವಾಯ'ಗಳ ನಡುವೆ ಒಂದು ದನಿ ಕೇಳಿತು.

"ಜತಿಗೆ ಯಾರದೀರಿ?"

ಮುದುಕಿಯ ದನಿ. ಗಂಟಲು ಒಣಗಿತ್ತು. ಬಸ್ಸಿನಲ್ಲಿ ನಿದ್ದೆ ತಿಳಿದೆದ್ದವರು ಪಕ್ಕದವರನ್ನು ಕೇಳುವ ಹಾಗಿತ್ತು, ಅಷ್ಟು ಸಹಜ. ಅಷ್ಟು ಸ್ಪಷ್ಟ.

ಮಾಲತೇಶ ಪ್ಲೇಯರ್ ಬಂದ್ ಮಾಡಿದ. ಮಂತ್ರ ನಿಂತಿತು. ಇಂಜಿನಿನ ಸದ್ದು ಮಾತ್ರ ಉಳಿಯಿತು.

ಬಂದ್ ಆಗಿದ್ದ ಸಣ್ಣ ಸ್ಪೀಕರು ಅವನ ಕಿವಿಯ ಪಕ್ಕದಲ್ಲಿ ಮೆಲ್ಲಗೆ ಕೇಳಿತು.

"ಯಾರೂ ಇಲ್ಲೇನು?"

ಅವನು ತುಟಿ ಕಚ್ಚಿ ವ್ಯಾನು ಓಡಿಸಿದ. ತಗ್ಗು ದಿಣ್ಣೆ ನೋಡಲಿಲ್ಲ. ಹಿಂದೆ ಸ್ಟ್ರೆಚರು ಎತ್ತರಕ್ಕೆ ಹಾರಿ ಬಿದ್ದದ್ದು ಕೇಳಿತು. ಮಸಣ ಮುಟ್ಟುವವರೆಗೆ ಅವನು ಬಾಯಿ ತೆರೆಯಲಿಲ್ಲ. ಗುಂಡಿ ತೋಡುವವರ ಜತೆ ಸೇರಿ ಮಣ್ಣು ಎಳೆಯುವಾಗಲೂ ತೆರೆಯಲಿಲ್ಲ.

ಸಂಜೆ ಹೊತ್ತು ಮುಳುಗುವ ಮೊದಲೇ ಹೊಸ ಕ್ರಾಸ್‌ಓವರುಗಳನ್ನು ಬಿಚ್ಚಿ ಹಳೆಯವನ್ನೇ ಹಾಕಿದ. ಉಬ್ಬಿದವು, ಸೋರಿದವು, ಕಿಲುಬು ಹಿಡಿದವು. ಹಚ್ಚಿ ನೋಡಿದ. 'ಇವಾಯ, ಇವಾಯ.' ಅವನ ಜೀವಕ್ಕೆ ಸಮಾಧಾನವಾಯಿತು.

ಮರುದಿನ ಬೆಳಿಗ್ಗೆ ಅಜ್ಜಾರ ಜ್ವರ ಇಳಿದಿತ್ತು. ಅವರು ಕೋಲು ಊರಿಕೊಂಡು ವ್ಯಾನಿನ ಹತ್ತಿರ ಬಂದು, ಪ್ಲೇಯರ್ ಹಚ್ಚಲು ಹೇಳಿದರು. ಸ್ವಲ್ಪ ಹೊತ್ತು ಕೇಳಿದರು. 

"ಹಿಂದಿನ ಬಾಗಲಾ ತಗಿ," ಎಂದರು.

"ಯಾಕ್ರಿ? ಇವತ್ತು ಕರೆ ಬಂದಿಲ್ಲ."

"ನಾ ಮಲಕೋತೀನಿ."

"ಅಲ್ಲೇನ್ರಿ? ಅಜ್ಜಾರ, ಅಲ್ಲಿ..."

"ಬೆನ್ನು ನೋಯಾಕತ್ತೈತಿ. ಹೆದ್ದಾರಿ ತನಕ ಹೋಗಿ, ತಿರುಗಿ ಹೊಳಿಗೆ ಬಾ."

ಅವರು ಸ್ಟ್ರೆಚರಿನ ಮೇಲೆ ಮಲಗಿದರು. ಹೊದ್ದಿದ್ದ ಬಿಳಿ ಧೋತರವನ್ನು ಮುಖದ ಮೇಲೆ ಎಳೆದುಕೊಂಡರು.

"ಬಾಗಲಾ ಹಾಕು," ಎಂದಿತು ಧೋತರ.

ಮಾಲತೇಶ ಹಾಕಿದ.

ಹೆದ್ದಾರಿ ಮುಟ್ಟುವವರೆಗೆ ಏನೂ ಇರಲಿಲ್ಲ. ವ್ಯಾನು ತಿರುಗಿಸಿದ ಮೇಲೆ ಮಂತ್ರದ ಅಡಿಯಲ್ಲಿ ಅದು ಎದ್ದಿತು. ಗುರುಗುರು. ನಿಂತಿತು. ಮತ್ತೆ ಗುರುಗುರು.

ಜೀವ ಇರುವವರು ಮಲಗಿದಾಗ ಅದು ಬರಬಾರದಿತ್ತು. ಬಂದವರಿಲ್ಲದಾಗ ಹಿಂದೆಂದೂ ಬಂದಿರಲಿಲ್ಲ.  ಮಾಲತೇಶ ಮಂತ್ರದ ಸಪ್ಪಳ ಏರಿಸಿದ. ಗುರುಗುರುವೂ ಏರಿತು. ಅವನು ಇನ್ನೂ ಏರಿಸಿದ.

ಹೊಳೆಯ ದಂಡೆಯಲ್ಲಿ ವ್ಯಾನು ನಿಲ್ಲಿಸಿ ಹಿಂದಕ್ಕೆ ಓಡಿ ಬಾಗಿಲು ತೆಗೆದ. ಒಳಗಿನ ಕಾವು ಮುಖಕ್ಕೆ ರಾಚಿತು.

ಅಜ್ಜಾರು ಹಾಗೇ ಮಲಗಿದ್ದರು. ಮುಖದ ಮೇಲಿನ ಧೋತರ ಅಲುಗುತ್ತಿರಲಿಲ್ಲ.

"ಅಜ್ಜಾರ."

ಅವನು ಹತ್ತಿರ ಬಗ್ಗಿದ.

"ಅಜ್ಜಾರ, ಹೊಳಿ ಬಂತ್ರಿ."

ಅವನು ಪಾದ ಮುಟ್ಟಿದ. ಅಷ್ಟು ಬಿಸಿಲಿನಲ್ಲಿಯೂ ಪಾದ ತಣ್ಣಗಿತ್ತು. ಅವನು ವ್ಯಾನಿನ ಮೆಟ್ಟಿಲ ಮೇಲೆ ಕೂತುಬಿಟ್ಟ. ಹೊಳೆಯಲ್ಲಿ ನೀರು ಕಡಿಮೆಯಿತ್ತು, ಬಂಡೆಗಳ ಬೆನ್ನು ಕಾಣುತ್ತಿತ್ತು. ಎಷ್ಟು ಹೊತ್ತು ಹಾಗೆ ಕೂತಿದ್ದನೋ ಅವನಿಗೆ ತಿಳಿಯಲಿಲ್ಲ.

"ನೀರು," ಎಂದಿತು ಧೋತರ.

ಮಾಲತೇಶ ಎದ್ದು ಎಡವಿ ಬಿದ್ದು, ಎದ್ದು, ಹೊಳೆಗೆ ಹೋಗಿ ತಂಬಿಗೆಯಲ್ಲಿ ನೀರು ತಂದ. ಅಜ್ಜಾರು ಎದ್ದು ಕೂತು ತಂಬಿಗೆ ಪೂರ್ತಿ ಕುಡಿದರು.

"ದಾರ್ಯಾಗ ಕೇಳಿದೆ," ಎಂದರು. "ಕೊಡಲಿಲ್ಲ."

"ತಪ್ಪಾತ್ರಿ. ನನಗ ಕೇಳಸಲಿಲ್ಲ. ಸ್ಪೀಕರಿನ್ಯಾಗ ಬರೇ ಗುರುಗುರು..."

ಅವನ ಮಾತು ಅಲ್ಲಿಗೇ ನಿಂತಿತು. ಈ ಸಲ ಆ ದನಿ ಬಂದದ್ದು ಹಿಂದಿನಿಂದಲ್ಲ. ಅವನ ಕಿವಿಯ ಪಕ್ಕದ ಸ್ಪೀಕರಿನಿಂದ. ಹಿಂದೆ ಮೈಕೂ ಇಲ್ಲ, ತಂತಿಯೂ ಇಲ್ಲ.

"ಅಜ್ಜಾರ, ನಿಮ್ಮ ಮಾತು ಸ್ಪೀಕರಿನ್ಯಾಗ ಹೆಂಗ ಬಂತ್ರಿ?"

"ನಾ ಬಾಯಿ ತೆರೀಲಿಲ್ಲ."

"ಕೇಳಿದೆ ಅಂದ್ರಿ."

"ಕೇಳಿದೆ. ಬಾಯಿ ತೆರೀಲಿಲ್ಲ."

ಹೊಳೆಯಾಚೆ ಯಾರೋ ಬಟ್ಟೆ ಒಗೆಯುತ್ತಿದ್ದರು. ಏಟು ಬಿದ್ದು, ತಡವಾಗಿ ಸದ್ದು ಬರುತ್ತಿತ್ತು.

ಮಾಲತೇಶ ನೆಲ ನೋಡುತ್ತ ಹೇಳಿದ.

"ಆ ಮುದುಕಿ ಕೇಳಿದ್ಲು. ಜತಿಗೆ ಯಾರದೀರಿ ಅಂದ್ಲು. ಹೊಸಾದು ಹಾಕಿದ್ದಕ್ಕ ಸ್ಪಷ್ಟ ಕೇಳಿಸ್ತು. ನಾ ಉತ್ತರ ಕೊಡಲಿಲ್ರಿ."

"ಎಷ್ಟು ಸಲ ಕೇಳಿದ್ಲು?"

"ಮತ್ತೊಮ್ಮೆ ಕೇಳಿದ್ಲು. ಯಾರೂ ಇಲ್ಲೇನು ಅಂದ್ಲು."

ಅಜ್ಜಾರು ಖಾಲಿ ತಂಬಿಗೆಯನ್ನು ಕೆಳಗಿಟ್ಟರು.

"ಈಗ ಹೋಗಿ ಹೇಳ್ಲೇನ್ರಿ? ಮಣ್ಣು ಇನ್ನೂ ಹಸಿ ಐತಿ."

"ಹೇಳು. ಅಲ್ಲಿ ಕೇಳಾವ್ರು ಯಾರೂ ಇಲ್ಲ."

ಅವನು ಆದರೂ ಹೋದ. ಹಸಿ ಮಣ್ಣಿನ ಪಕ್ಕದಲ್ಲಿ ಕೂತು, "ಅವ್ವಾ, ನಾ ಇದ್ದೆ," ಎಂದ. ಇನ್ನೊಮ್ಮೆ ಅಂದ. ಒಂದು ಇರುವೆ ಮಣ್ಣಿನ ಮೇಲೆ ಓಡಾಡುತ್ತಿತ್ತು. ಎಲ್ಲಿಂದಲೂ ಏನೂ ಬರಲಿಲ್ಲ.

ಮರಳಿ ಬಂದು ಅಜ್ಜಾರ ಮುಂದೆ ನಿಂತ.

"ನಾ ದಾವಣಗೆರಿಗೆ ಹೋಗ್ತೀನ್ರಿ. ನನ್ನ ಕೈಲೆ ಆಗಂಗಿಲ್ಲ."

"ಹೋಗು. ಹೊಸಾವು ಹಾಕಿ ಹೋಗು. ಮುಂದ ನಡಸಾವಗ ಸ್ಪಷ್ಟ ಕೇಳಲಿ."

"ಮುಂದ ಯಾರು ನಡಸ್ತಾರ್ರಿ?"

"ಯಾರೂ ಇಲ್ಲ," ಎಂದು ಅಜ್ಜಾರು ಒಳಗೆ ಹೋದರು.

ಮಾಲತೇಶ ಮತ್ತೆ ರಬ್ಬರು ಎತ್ತಿದ. ಹಳೆಯವನ್ನು ಕಿತ್ತು, ಕಲ್ಲಿನಿಂದ ಜಜ್ಜಿ, ಗುಜರಿಯ ಚೀಲಕ್ಕೆ ಹಾಕಿದ. ಹೊಸ ಪೆಟ್ಟಿಗೆಗಳನ್ನು ಕೂಡಿಸಿ ಬೆಸುಗೆ ಹಾಕತೊಡಗಿದ. ಒಂದು ಹನಿ ಸೀಸ ಬೆರಳ ಮೇಲೆ ಬಿತ್ತು. ಅವನು ಒರೆಸಿಕೊಂಡು ಮುಂದುವರಿಸಿದ.

ಕೊನೆಯ ತಂತಿ ಕೂಡಿಸುವಷ್ಟರಲ್ಲಿ ಅಜ್ಜಾರು ಹೊರಗೆ ಬಂದರು.

"ದ್ಯಾಮಪ್ಪ ಫೋನ್ ಮಾಡಿದ್ದ."

ಮಾಲತೇಶ ಅವರ ಮುಖ ನೋಡಿದ. ಪೊರೆ ತುಂಬಿದ ಕಣ್ಣುಗಳು ಅವನ ಭುಜದಾಚೆ ಎಲ್ಲೋ ನೋಡುತ್ತಿದ್ದವು. ಅವರು ಅವನನ್ನು ಬಾ ಎನ್ನಲಿಲ್ಲ. ತಾವೇ ಬಾಗಿಲು ತಡವಿ ಹುಡುಕಿ, ಮುಂದಿನ ಸೀಟಿಗೆ ಹತ್ತಿ ಕೂತರು. ಡ್ರೈವರಿನ ಸೀಟು ಖಾಲಿಯಿತ್ತು.

ಮಾಲತೇಶ ಬೆಸುಗೆಯ ಕಡ್ಡಿಯನ್ನು ಕೆಳಗಿಟ್ಟು ಕೀಲಿ ತೆಗೆದುಕೊಂಡ.

ಈ ಸಲ ಹರೆಯದವನು. ಹೆದ್ದಾರಿಯ ಸೇತುವೆ ಕೆಲಸದಲ್ಲಿ ಮೇಲಿನಿಂದ ಬಿದ್ದವನು.

"ಉತ್ತರದ ಕಡೆಯಾವಂತ," ಎಂದ ದ್ಯಾಮಪ್ಪ. "ಊರು ಯಾವುದು ಅಂತ ಸಂಗಡದಾವ್ರಿಗೂ ತಿಳೀದು. ದಾರಿ ಕಾದ್ವಿ. ಯಾರೂ ಬರಲಿಲ್ಲ."

ಮಂಜುಗಡ್ಡೆ ಇಟ್ಟರು. ಮೇಲೆ ಬಿಳಿ ಬಟ್ಟೆ. ಬಟ್ಟೆಯ ಆಚೆ ಎರಡು ಪಾದ, ಉಗುರಿನಲ್ಲಿ ಇನ್ನೂ ಸಿಮೆಂಟು.

ಹೊರಟಾಗ ಹೊತ್ತು ಇಳಿಯುತ್ತಿತ್ತು. ಬಿಸಿಲು ಎದುರಿನಿಂದ ಕಣ್ಣಿಗೆ ಹೊಡೆಯುತ್ತಿತ್ತು. ಮಂತ್ರ ತಿಳಿಯಾಗಿತ್ತು. ಮಾಲತೇಶ ಸಪ್ಪಳ ಏರಿಸಲಿಲ್ಲ, ಇಳಿಸಲೂ ಇಲ್ಲ. ಅವನ ಕಿವಿ ಮಂತ್ರದ ಆಚೆಗಿತ್ತು.

ರೈಲ್ವೆ ಗೇಟು ದಾಟಿತು. ಮೆಕ್ಕೆಜೋಳದ ಹೊಲ ಬಂತು.

ಆಗ ಅದು ಬಂತು.

ಹರೆಯದ ದನಿ. ಮಾಲತೇಶನಿಗೆ ತಿಳಿಯದ ಭಾಷೆ. ಒಂದೇ ಸಣ್ಣ ಮಾತು, ಕೊನೆಗೆ ತುಸು ಮೇಲಕ್ಕೆ ಎದ್ದಿತ್ತು. ಯಾರಾದರೂ ಏನಾದರೂ ಕೇಳುವಾಗ ಹಾಗೆ ಏಳುತ್ತದೆ.

ಮಾಲತೇಶ ವ್ಯಾನನ್ನು ರಸ್ತೆಯ ಬದಿಗೆ ತಂದು ನಿಲ್ಲಿಸಿದ. ಇಂಜಿನು ಬಂದ್ ಮಾಡಿದ. ಪ್ಲೇಯರೂ ಬಂದ್ ಮಾಡಿದ. ಪಕ್ಕದಲ್ಲಿ ಅಜ್ಜಾರು ಮುಂದಕ್ಕೇ ಮುಖ ಮಾಡಿ ಕೂತಿದ್ದರು.

ಸ್ಪೀಕರು ಮತ್ತೆ ಕೇಳಿತು. ಅದೇ ಮಾತು. ಈ ಸಲ ಬೇಗ ಬೇಗ. ನಡುವೆ ಉಸಿರು ಸಿಕ್ಕಿಕೊಳ್ಳುತ್ತಿತ್ತು.

"ಅಜ್ಜಾರ," ಎಂದ ಮಾಲತೇಶ. "ನನಗ ಅವನ ಭಾಷಾ ಬರಂಗಿಲ್ಲ."



ಮೂರನೆಯ ಸಲ ಅದು ಮಾತಾಗಿರಲಿಲ್ಲ. ಬರಿಯ ಉಸಿರು, ಕೊನೆಗೆ ಮೇಲಕ್ಕೆ ಎದ್ದ ಉಸಿರು.

ಮಾಲತೇಶ ಸೀಟಿನ ಮೇಲೆ ಪೂರ್ತಿ ಹೊರಳಿ, ಹಿಂದಕ್ಕೆ ಮುಖ ಮಾಡಿದ. ಬಿಳಿ ಬಟ್ಟೆ. ಕರಗುತ್ತಿರುವ ಮಂಜು.  ಅವನ ದನಿ ಕೂಗಾಗಿ ಹೊರಟಿತು.

"ನಾ ಅದೀನಿ. ನಾ ಮಾಲತೇಶ. ಇಲ್ಲೇ ಅದೀನಿ."

ಕೂಗಿಗೆ ತಂತಿಯ ಮೇಲಿನ ಹಕ್ಕಿಗಳು ಹಾರಿಹೋದವು. ಸ್ಪೀಕರಿನಲ್ಲಿ ಉಸಿರು ಥಟ್ಟನೆ ನಿಂತಿತು.

ಅಜ್ಜಾರು ಕತ್ತಲಲ್ಲಿ ಹುಡುಕುವವರಂತೆ ಕೈ ಚಾಚಿ, ಅವನ ಭುಜ ಹಿಡಿದರು.

"ಸಣ್ಣ ದನಿಲೆ ಹೇಳೋ ತಮ್ಮಾ," ಎಂದರು. "ಅಂವ ಅಂಜ್ಯಾನ."